ಸರತಿ ತಪ್ಪಿಸಿದವರು ಯಾರು?

ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ಕಡೆಯ ಬಸ್ಸಿಗಾಗಿ ಕಾಯುತ್ತಿದ್ದಾಗ ಜೊತೆಗಿದ್ದ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. ಪದವಿ ತರಗತಿಯಲ್ಲಿ ಓದುವ ಅವಳಿಗೆ ಇಂಗ್ಲಿಷಿನ ಕೆಲವು ನುಡಿಗಟ್ಟುಗಳನ್ನು ಕನ್ನಡಕ್ಕೆ ತರುವ ಅಭ್ಯಾಸ ಕೊಟ್ಟಿದ್ದರಂತೆ. "ಅಜ್ಜ, ಜಂಪ್ ದ ಕ್ಯೂ ಎಂಬುದಕ್ಕೆ ನಮ್ಮಲ್ಲಿ ಏನು ಹೇಳುತ್ತಾರೆ?" ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ನಾನು ಉತ್ತರಕ್ಕೆ ತಡವರಿಸುತ್ತಿರುವಾಗಲೇ ಬಸ್ಸು ಬಂತು. ಅದು ನಿಲ್ಲುವ ಮೊದಲೇ ಇಬ್ಬರು ಯುವಕರು ಬಾಗಿಲ ಸರಳು ಹಿಡಿದು ಜೊತೆಗೇ ಓಡಿದರು. ಇನ್ನೊಬ್ಬರು ಕಿಟಕಿಯೊಳಗೆ ಟವೆಲು ಎಸೆದು ಸೀಟು ಹಿಡಿದರು. ಬ್ಯಾಗು ಹೊತ್ತ ಶಾಲಾ ಮಕ್ಕಳು ಎಲ್ಲರೂ ಹತ್ತಲಿ ಎಂದು ಒಂದು ಬದಿಗೆ ನಿಂತರು. "ಇಲ್ಲಿ ಕ್ಯೂ ಎಲ್ಲಿದೆ ಅಜ್ಜ, ಜಂಪ್ ಮಾಡಲಿಕ್ಕೆ?" ಎಂದು ಅವಳು ನಕ್ಕಳು.

ಅವಳು ನಕ್ಕು ಹೇಳಿದ ಮಾತು ಭಾಷೆಯ ದೃಷ್ಟಿಯಿಂದ ಸರಿಯಾದದ್ದೇ. ಸಾಲು ಇದ್ದಲ್ಲಿ ಮಾತ್ರ ಸಾಲು ತಪ್ಪಿಸಿದ ಅಪರಾಧ ಸಂಭವಿಸುತ್ತದೆ. ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಹೆಸರೇ ಹೇಳುವಂತೆ ಅದು ದಾರಿಗಳು ಕೂಡುವ, ಕವಲೊಡೆಯುವ ಜಾಗ. ಮಂಗಳೂರಿನಿಂದ ಬಂದ ಹೆದ್ದಾರಿಯ ಒಂದು ಕವಲು ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ ಮಾಣಿ, ಉಪ್ಪಿನಂಗಡಿಗಳ ಕಡೆಗೆ ಹೋಗುತ್ತದೆ. ಇನ್ನೊಂದು ಬಂಟ್ವಾಳ ಪೇಟೆಯ ಮಗ್ಗುಲಿನಿಂದ ಪುಂಜಾಲಕಟ್ಟೆ, ಬೆಳ್ತಂಗಡಿ, ಚಾರ್ಮಾಡಿಗಳ ಕಡೆಗೆ. ಹೀಗೆ ದಾರಿಗಳು ಕೂಡುವಲ್ಲಿ ಜನ ಗುಂಪಾಗಿ ಸೇರುತ್ತಾರೆ, ಸಾಲಾಗಿ ಅಲ್ಲ. ಅಲ್ಲಿ ಸೀಟು ಸಿಗುವುದು ಮೊದಲು ಬಂದವರಿಗಲ್ಲ, ಮೊಣಕೈ ಗಟ್ಟಿಯಿದ್ದವರಿಗೆ. ಆದರೂ ಅವರನ್ನು ಯಾರೂ ಸರತಿ ತಪ್ಪಿಸಿದವರೆಂದು ದೂರುವುದಿಲ್ಲ. ಏಕೆಂದರೆ ಅಲ್ಲಿ ಸರತಿಯೇ ಇರಲಿಲ್ಲ.

ಕ್ಯೂ ಎಂಬ ಪದದ ಮೂಲಾರ್ಥ ಫ್ರೆಂಚ್ ಭಾಷೆಯಲ್ಲಿ ಬಾಲ. ಜನರ ಸಾಲಿಗೆ ಆ ಹೆಸರು ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಥಾಮಸ್ ಕಾರ್ಲೈಲ್ 1837ರಲ್ಲಿ ಪ್ರಕಟಿಸಿದ ಫ್ರೆಂಚ್ ಕ್ರಾಂತಿಯ ಇತಿಹಾಸದಲ್ಲಿ, ಪ್ಯಾರಿಸ್ಸಿನ ರೊಟ್ಟಿ ಅಂಗಡಿಗಳ ಮುಂದೆ ಜನ ತಾವಾಗಿ ಸಾಲುಗಟ್ಟಿ ನಿಲ್ಲುವುದನ್ನು ವರ್ಣಿಸಿ, ಅದು ಫ್ರೆಂಚರಿಗೇ ವಿಶಿಷ್ಟವಾದ ಪ್ರತಿಭೆ ಎಂಬರ್ಥದ ಮಾತು ಬರೆದ. ಇಂದು ಇಂಗ್ಲಿಷರ ರಾಷ್ಟ್ರೀಯ ಗುಣವೆಂದು ಲೋಕವೆಲ್ಲ ನಂಬಿರುವುದು ಅಂದು ಒಬ್ಬ ಬ್ರಿಟಿಷ್ ಲೇಖಕನಿಗೆ ಪರದೇಶದ ವಿಚಿತ್ರವಾಗಿ ಕಂಡಿತ್ತು. ಬ್ರಿಟನ್ನಿನಲ್ಲಿ ಅಭ್ಯಾಸ ಬಲಿತದ್ದರಲ್ಲಿ ಎರಡನೆಯ ಮಹಾಯುದ್ಧದ ಕಾಲದ ಪಡಿತರಕ್ಕೆ ದೊಡ್ಡ ಪಾಲಿದೆ. 1940ರಲ್ಲಿ ಆರಂಭವಾದ ಆಹಾರ ಪಡಿತರ ಅಲ್ಲಿ ಪೂರ್ತಿ ಕೊನೆಗೊಂಡದ್ದು 1954ರಲ್ಲಿ. ಅಂದರೆ ಸಾಲು ನಿಲ್ಲುವುದು ಯಾವ ಜನಾಂಗದ ರಕ್ತಗುಣವೂ ಅಲ್ಲ. ಪದಾರ್ಥ ಕಡಿಮೆಯಿದ್ದು, ತನ್ನ ಪಾಲು ತನಗೆ ಬಂದೇ ಬರುತ್ತದೆ ಎಂಬ ನಂಬಿಕೆಯೂ ಇದ್ದಾಗ ಜನ ತಾವಾಗಿಯೇ ಸಾಲಿನಲ್ಲಿ ನಿಲ್ಲುತ್ತಾರೆ.

ಭಾರತೀಯರಿಗೆ ಸಾಲಿನಲ್ಲಿ ನಿಲ್ಲಲು ಬರುವುದಿಲ್ಲ ಎಂದು ವಿದೇಶ ಪ್ರವಾಸ ಮುಗಿಸಿ ಬಂದವರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ನನ್ನ ಬಾಲ್ಯದ ನ್ಯಾಯಬೆಲೆ ಅಂಗಡಿ. ಸೀಮೆಎಣ್ಣೆ ಬರುವ ದಿನ ಬೆಳಗಾಗುವುದರೊಳಗೆ ಅಂಗಡಿಯ ಮುಂದೆ ಡಬ್ಬಿಗಳ ಸಾಲು ಬೆಳೆದಿರುತ್ತಿತ್ತು. ಡಬ್ಬಿ ಇಲ್ಲದವರು ಒಂದು ಕಲ್ಲನ್ನೋ, ಹಳೆಯ ಚಪ್ಪಲಿಯನ್ನೋ ಇಟ್ಟು ಮರದ ನೆರಳಿಗೆ ಹೋಗುತ್ತಿದ್ದರು. ಒಬ್ಬರ ಕಲ್ಲನ್ನು ಇನ್ನೊಬ್ಬರು ಹಿಂದೆ ಸರಿಸಿದ್ದನ್ನು ನಾನು ಕಾಣೆ. ನೆರಳಿನಲ್ಲಿ ಕುಳಿತವರಿಗೆ ತಮ್ಮ ಮುಂದೆ ಯಾರು, ಹಿಂದೆ ಯಾರು ಎಂಬುದು ಬಾಯಿಪಾಠವಾಗಿರುತ್ತಿತ್ತು. ಕಲ್ಲು ಜಗಳಕ್ಕೆ ಕಾರಣವಾಗುತ್ತಿದ್ದದ್ದು ಅಂಗಡಿಯ ಹಿಂಬಾಗಿಲಿನಿಂದ ಯಾರದೋ ಡಬ್ಬಿ ತುಂಬಿ ಹೊರಬಂದಾಗ ಮಾತ್ರ.

ಈ ಹಿಂಬಾಗಿಲು ಆ ಇಂಗ್ಲಿಷ್ ನುಡಿಗಟ್ಟಿನಲ್ಲಿ ಇಲ್ಲ. ಜಂಪ್ ಎಂದರೆ ಹಾರುವುದು. ಹಾರುವವನು ತನ್ನ ಕಾಲಿನಿಂದ ಹಾರುತ್ತಾನೆ. ಆದ್ದರಿಂದ ತಪ್ಪು ಪೂರ್ತಿಯಾಗಿ ಅವನದು. ಅಮೆರಿಕದವರು ಸಾಲನ್ನು ಕತ್ತರಿಸುವುದು ಎಂಬಂತೆ ಹೇಳುತ್ತಾರೆ; ಅಲ್ಲಿಯೂ ಕತ್ತರಿ ಅವನ ಕೈಯಲ್ಲೇ. ಶಸ್ತ್ರಚಿಕಿತ್ಸೆಗೆ ಕಾಯುವವರ ಪಟ್ಟಿ, ಮನೆ ಹಂಚಿಕೆ, ಬಡ್ತಿ, ವೀಸಾ ಹೀಗೆ ಕಣ್ಣಿಗೆ ಕಾಣದ ಸಾಲುಗಳಿಗೂ ಆ ಮಾತು ಇಂದು ಹಬ್ಬಿದೆ. ಎಲ್ಲಿ ಹೋದರೂ ಅದು ಬೆರಳು ತೋರಿಸುವುದು ಹಾರಿದವನ ಕಡೆಗೇ.

ಆ ಬೆರಳು ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ಆಸ್ಟ್ರೇಲಿಯ ತೋರಿಸಿಕೊಟ್ಟಿತು. 2001ರ ಆಗಸ್ಟ್‌ನಲ್ಲಿ ಟಂಪಾ ಎಂಬ ನಾರ್ವೆಯ ಹಡಗು ಮುಳುಗುತ್ತಿದ್ದ ದೋಣಿಯಿಂದ ನಾನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡು ಬಂದಾಗ, ಆಸ್ಟ್ರೇಲಿಯ ಅವರನ್ನು ತನ್ನ ನೆಲಕ್ಕೆ ಬಿಟ್ಟುಕೊಳ್ಳಲಿಲ್ಲ. ಅವರಲ್ಲಿ ಬಹುಪಾಲು ಅಫ್ಘಾನಿಸ್ತಾನದಿಂದ ಓಡಿಬಂದ ಹಜಾರಾ ಸಮುದಾಯದವರು. ದೋಣಿಯಲ್ಲಿ ಬಂದು ಆಶ್ರಯ ಕೇಳುವ ಇಂಥವರಿಗೆ ಅಲ್ಲಿನ ರಾಜಕಾರಣದಲ್ಲಿ ಚಲಾವಣೆಯಲ್ಲಿದ್ದ ಬೈಗುಳ, ಕ್ಯೂ ಹಾರಿ ಬಂದವರು ಎಂಬುದು. ತಾಲಿಬಾನ್ ಆಳುತ್ತಿದ್ದ ಕಾಬೂಲಿನಲ್ಲಿ ಪ್ರಾಣ ಉಳಿಸಿಕೊಳ್ಳಲು ಯಾವ ಕಿಟಕಿಯ ಮುಂದೆ ಸಾಲು ನಿಲ್ಲಬೇಕಿತ್ತು ಎಂಬ ಪ್ರಶ್ನೆಗೆ ಆ ಬೈಗುಳದಲ್ಲಿ ಉತ್ತರವಿರಲಿಲ್ಲ. ಬಿ.ಸಿ.ರೋಡಿನ ಬಸ್ಸಿನ ಬಗ್ಗೆ ನನ್ನ ಮೊಮ್ಮಗಳು ನಗುತ್ತ ಕೇಳಿದ್ದೂ ಅದನ್ನೇ.

ಇಷ್ಟೆಲ್ಲ ಬರೆಯಲು ಕಾರಣವಾದದ್ದು ಇಂಗ್ಲಿಷರೂ ಅಲ್ಲ, ಆಸ್ಟ್ರೇಲಿಯದವರೂ ಅಲ್ಲ. ನನ್ನದೇ ಒಂದು ನಡತೆ. ಅದನ್ನು ಹೇಳಿಬಿಡುತ್ತೇನೆ.

ಅದು ಒಂದು ಸರಕಾರಿ ಕಚೇರಿ. ಯಾವುದು, ಎಲ್ಲಿಯದು ಎಂಬುದು ಇಲ್ಲಿ ಅಪ್ರಸ್ತುತ, ಏಕೆಂದರೆ ತಪ್ಪು ಕಚೇರಿಯದಕ್ಕಿಂತ ಹೆಚ್ಚಾಗಿ ನನ್ನದು. ಮನೆಯವರೊಬ್ಬರಿಗೆ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಆದಾಯ ಪ್ರಮಾಣಪತ್ರ ಬೇಕಿತ್ತು. ಕಿಟಕಿಯ ಮುಂದೆ ಹದಿನೈದಿಪ್ಪತ್ತು ಜನರ ಸಾಲು. ನಾನು ಕೊನೆಯಲ್ಲಿ ನಿಂತೆ. ನನ್ನ ಮುಂದೆ ನಿಂತಿದ್ದದ್ದು ಐವತ್ತು ದಾಟಿದ ಒಬ್ಬ ಹೆಂಗಸು. ಪ್ಲಾಸ್ಟಿಕ್ ಚೀಲದೊಳಗೆ ಕಾಗದಗಳನ್ನು ಮಡಚಿ ಹಿಡಿದಿದ್ದರು. ಬೀಡಿ ಕಟ್ಟುವವರು, ಹಿಂದಿನ ದಿನವೂ ಬಂದಿದ್ದರಂತೆ, ಅಂದು ಸರ್ವರ್ ಇರಲಿಲ್ಲವಂತೆ. ಇವತ್ತೂ ಆಗದಿದ್ದರೆ ಮಗಳ ಅರ್ಜಿಯ ಕೊನೆಯ ದಿನ ಕಳೆಯುತ್ತದೆ ಎಂದರು. ಎರಡು ದಿನ ಸೂಪು ಮುಟ್ಟಿಲ್ಲ ಎಂದೂ ಹೇಳಿದರು. ಬೀಡಿ ಕಟ್ಟುವವರಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಸಾಲಿನಲ್ಲಿ ನಿಂತ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ.

ಅಷ್ಟರಲ್ಲಿ ಒಳಗಿನಿಂದ ಒಬ್ಬರು ಹೊರಬಂದು, "ಇದೇನು ಮಾಷ್ಟ್ರೇ, ನೀವು ಇಲ್ಲಿ ನಿಲ್ಲುವುದಾ? ಒಳಗೆ ಬನ್ನಿ" ಎಂದರು. ನನ್ನ ಹಳೆಯ ವಿದ್ಯಾರ್ಥಿ. ಮುಖದಲ್ಲಿ ನಿಜವಾದ ಸಂತೋಷವಿತ್ತು. ನಾನು ಒಮ್ಮೆ ಬೇಡವೆಂದೆ. ಎರಡನೆಯ ಸಲ ಕರೆದಾಗ ಹೋದೆ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಸಾಲಿನಲ್ಲಿ ಯಾರೂ ಗೊಣಗಲಿಲ್ಲ. ಆ ಹೆಂಗಸಂತೂ ದಾರಿ ಬಿಟ್ಟು, "ನೀವು ಹೋಗಿ ಮಾಷ್ಟ್ರೆ" ಎಂದರು. ನನ್ನ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೊರಬರುವಾಗ ಕಿಟಕಿಗೆ ಹಲಗೆ ಹಾಕುತ್ತಿದ್ದರು. ಸರ್ವರ್ ಮತ್ತೆ ನಿಂತಿತ್ತು. ಆ ಹೆಂಗಸು ಸಾಲಿನಲ್ಲಿ ಮೂರನೆಯವರಾಗಿದ್ದರು.

ಇದಕ್ಕೆ ಇಂಗ್ಲಿಷ್ ನುಡಿಗಟ್ಟನ್ನು ಹೊಂದಿಸಿ ನೋಡಿ. ನಾನು ಹಾರಲಿಲ್ಲ, ಕಾಲನ್ನೂ ಎತ್ತಲಿಲ್ಲ. ಹಾರುವ ವಯಸ್ಸೂ ನನ್ನದಲ್ಲ. ನನ್ನನ್ನು ಪ್ರೀತಿಯಿಂದ, ಗೌರವದಿಂದ ಕೈಹಿಡಿದು ದಾಟಿಸಲಾಯಿತು. ನಮ್ಮಲ್ಲಿ ಸರತಿ ತಪ್ಪುವುದು ಬಹುಪಾಲು ಹೀಗೆಯೇ. ನುಗ್ಗುವ ಪುಂಡನನ್ನು ಹತ್ತು ಜನ ಗದರಿಸಿ ಹಿಂದಕ್ಕೆ ಕಳಿಸುತ್ತಾರೆ. ಆದರೆ ಗುರುಗಳಿಗೆ, ಹಿರಿಯರಿಗೆ, ನಮ್ಮವರಿಗೆ, ನಾಳೆ ನಮಗೆ ಬೇಕಾಗುವವರಿಗೆ ತೆರೆದ ಬಾಗಿಲನ್ನು ಯಾರೂ ತಡೆಯುವುದಿಲ್ಲ. ಕರೆದವನಿಗೆ ಅದು ವಿನಯ, ಹೋದವನಿಗೆ ಅದು ದಾಕ್ಷಿಣ್ಯ. ನಿಂತವರಿಗೆ ಏನೆಂದು ಕೇಳಲು ಮಾತ್ರ ನಾವು ಯಾರೂ ಹಿಂತಿರುಗಿ ನೋಡುವುದಿಲ್ಲ.

ವೃದ್ಧರಿಗೆ, ಅಂಗವಿಕಲರಿಗೆ, ಗರ್ಭಿಣಿಯರಿಗೆ, ಆಂಬುಲೆನ್ಸಿಗೆ ಮೊದಲು ದಾರಿ ಬಿಡುವುದು ಬೇರೆ ವಿಷಯ. ಅದಕ್ಕೆ ಕಾರಣವನ್ನು ಎಲ್ಲರ ಎದುರು ಗಟ್ಟಿಯಾಗಿ ಹೇಳಬಹುದು, ಹಲಗೆಯ ಮೇಲೆ ಬರೆದು ತೂಗುಹಾಕಬಹುದು. ನನ್ನನ್ನು ಒಳಗೆ ಕರೆದ ಕಾರಣವನ್ನು ಹಾಗೆ ಬರೆದು ತೂಗುಹಾಕಲು ಸಾಧ್ಯವಿರಲಿಲ್ಲ. ನನ್ನ ವಯಸ್ಸನ್ನು ಕಂಡು ಕರೆದದ್ದಾಗಿದ್ದರೆ, ನನ್ನ ಮುಂದೆ ಕೋಲೂರಿ ನಿಂತಿದ್ದ ಇನ್ನೊಬ್ಬರನ್ನೂ ಕರೆಯಬೇಕಿತ್ತು.

ಕನ್ನಡದಲ್ಲಿ ಸರತಿ, ಸರದಿ, ಪಾಳಿ ಎಂಬ ಮಾತುಗಳಿವೆ. ಇವು ಸಾಲಿನ ಆಕಾರಕ್ಕಿಂತ ಹೆಚ್ಚಾಗಿ ಒಬ್ಬನಿಗೆ ಬರಬೇಕಾದ ಹೊತ್ತನ್ನು ಹೇಳುತ್ತವೆ. ಕಾಲುವೆಯ ನೀರಿಗೆ, ಪೂಜೆಗೆ, ರಾತ್ರಿಯ ಕೆಲಸಕ್ಕೆ ಸರದಿ ಇದೆ. ಅಲ್ಲಿ ಯಾರೂ ಒಬ್ಬರ ಹಿಂದೆ ಒಬ್ಬರು ನಿಂತಿರುವುದಿಲ್ಲ. ಆದ್ದರಿಂದ ಮೊಮ್ಮಗಳಿಗೆ ಸರತಿ ತಪ್ಪಿಸುವುದು ಎಂಬ ಉತ್ತರ ಸಾಕು. ಆದರೆ ನಮ್ಮ ಕರಾವಳಿಯಲ್ಲಿ ಇನ್ನೊಂದು ಮಾತಿದೆ, ಇಂಗ್ಲಿಷಿನ ಆ ನುಡಿಗಟ್ಟಿಗಿಂತ ಆಳಕ್ಕೆ ಹೋಗುವಂಥದ್ದು: ಪಂಕ್ತಿಭೇದ. ಪಂಕ್ತಿ ಎಂದರೂ ಸಾಲೇ. ಊಟಕ್ಕೆ ಕೆಲವರನ್ನು ಒಳಗಿನ ಸಾಲಿನಲ್ಲಿ, ಉಳಿದವರನ್ನು ಹೊರಗಿನ ಸಾಲಿನಲ್ಲಿ ಕೂರಿಸುವ, ಒಂದೇ ಸಾಲಿನಲ್ಲಿ ಒಬ್ಬರಿಗೊಂದು ಬಗೆ ಮತ್ತೊಬ್ಬರಿಗೊಂದು ಬಗೆ ಬಡಿಸುವ ಅನ್ಯಾಯಕ್ಕೆ ಈ ಹೆಸರು. ಇದರಲ್ಲಿ ಬೆರಳು ತೋರುವುದು ಉಂಡವನ ಕಡೆಗಲ್ಲ, ಬಡಿಸಿದವನ ಕಡೆಗೆ. ಸಾಲು ಒಂದೇ ಎಂದು ಇಂಗ್ಲಿಷ್ ನುಡಿಗಟ್ಟು ಮೊದಲೇ ಒಪ್ಪಿಕೊಂಡು ಮಾತು ಆರಂಭಿಸುತ್ತದೆ. ಸಾಲನ್ನೇ ಎರಡು ಮಾಡಬಹುದೆಂಬುದು ಜಾತಿಯ ಸಮಾಜದಲ್ಲಿ ಬೆಳೆದ ನಮ್ಮ ಮಾತಿಗೆ ಗೊತ್ತಿದೆ. ರೈಲಿನ ಟಿಕೆಟ್ ಕಿಟಕಿ, ಪಡಿತರ ಅಂಗಡಿ, ಮತಗಟ್ಟೆ ಇವುಗಳ ಮುಂದಿನ ಒಂದೇ ಸಾಲು ನಮ್ಮ ಹಿರಿಯರ ಪಾಲಿಗೆ ಎಂಥ ಹೊಸ ಸಂಗತಿಯಾಗಿದ್ದಿರಬೇಕು ಎಂದು ನಾವು ಯೋಚಿಸುವುದೇ ಇಲ್ಲ.

ಬ್ರಿಟಿಷರ ಸಾಲಿನಲ್ಲಿಯೂ ಪಂಕ್ತಿಭೇದವಿದೆ, ಅದಕ್ಕೆ ಹೆಸರಿಲ್ಲ ಅಷ್ಟೇ. 2022ರ ಸೆಪ್ಟೆಂಬರ್‌ನಲ್ಲಿ ರಾಣಿ ಎರಡನೆಯ ಎಲಿಜಬೆತ್ ಅವರ ಅಂತಿಮ ದರ್ಶನಕ್ಕೆ ಲಂಡನ್ನಿನ ಥೇಮ್ಸ್ ದಡದಲ್ಲಿ ಮೈಲುಗಟ್ಟಲೆ ಸಾಲು ಬೆಳೆಯಿತು. ಫುಟ್‌ಬಾಲ್ ತಾರೆ ಡೇವಿಡ್ ಬೆಕಮ್ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಅದರಲ್ಲಿ ನಿಂತು ಮೆಚ್ಚುಗೆ ಗಳಿಸಿದರು. ಟಿವಿಯ ಇಬ್ಬರು ಜನಪ್ರಿಯ ನಿರೂಪಕರು ಮಾಧ್ಯಮದವರ ದಾರಿಯಲ್ಲಿ ಒಳಗೆ ಹೋದದ್ದಕ್ಕೆ ದೇಶವೇ ಅವರ ಮೇಲೆ ಹರಿಹಾಯ್ದಿತು; ವರದಿಗಾಗಿ ಹೋದದ್ದು ಎಂಬ ಅವರ ಸಮಜಾಯಿಷಿಯನ್ನು ಹೆಚ್ಚಿನವರು ಒಪ್ಪಲಿಲ್ಲ. ಅದೇ ದಿನಗಳಲ್ಲಿ ಸಂಸತ್ ಸದಸ್ಯರಿಗೆ ಸಾಲು ನಿಲ್ಲದೆ ಹೋಗುವ ದಾರಿ ಅಧಿಕೃತವಾಗಿಯೇ ಇತ್ತು, ಜೊತೆಗೆ ಅತಿಥಿಗಳನ್ನು ಕರೆದೊಯ್ಯುವ ಅವಕಾಶವೂ ಇತ್ತು. ಅದರ ಬಗ್ಗೆ ಎದ್ದ ಗೊಣಗಾಟ ನಿರೂಪಕರ ಮೇಲೆ ಹರಿದ ಸಿಟ್ಟಿನ ಮುಂದೆ ಏನೇನೂ ಅಲ್ಲ. ಹಾರಿದವರೆಂದು ಕಂಡವರನ್ನು ಆ ನುಡಿಗಟ್ಟು ಹಿಡಿಯಿತು. ಎರಡನೆಯ ಸಾಲು ಅದರ ಕಣ್ಣಿಗೆ ಬೀಳಲಿಲ್ಲ.

ನಮ್ಮಲ್ಲಿ ಎರಡನೆಯ ಸಾಲು ಈಗ ಹಣದ ಸಾಲು. ರೈಲ್ವೆಯ ತತ್ಕಾಲ್ ಟಿಕೆಟ್ 1997ರಲ್ಲಿ ಬಂತು. ತುರ್ತು ಪ್ರಯಾಣಿಕರಿಗಾಗಿ ಎಂಬ ಅದರ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ತುರ್ತನ್ನು ಅಳೆಯುವ ಸೇರು ಅಲ್ಲಿ ಹೆಚ್ಚುವರಿ ದರ ಮಾತ್ರ. ದೇವಾಲಯಗಳಲ್ಲಿ ವಿಶೇಷ ದರ್ಶನದ ಟಿಕೆಟ್ ಮಾಮೂಲಾಗಿದೆ. ತಿರುಪತಿಯ 300 ರೂಪಾಯಿಯ ದರ್ಶನ ಎಲ್ಲರಿಗೂ ತಿಳಿದದ್ದು. ಸೇವಾದರದಿಂದ ದೇವಾಲಯ ನಡೆಯುತ್ತದೆ, ಅನ್ನದಾನ ನಡೆಯುತ್ತದೆ ಎಂಬ ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ದೇವರ ಮುಂದೆ ಸಾಲು ಎರಡಾಗುವುದನ್ನು ನೋಡಿದಾಗ ಪಂಕ್ತಿಭೇದ ಎಂಬ ಪದ ನೆನಪಾಗದಿರುವುದು ಹೇಗೆ?

ಈ ಪ್ರಶ್ನೆ ನನ್ನೊಬ್ಬನದಲ್ಲ. ಬಿ.ಸಿ.ರೋಡಿನಿಂದ ನಾವು ಹತ್ತಿದ ಬಸ್ಸಿನ ದಾರಿಯಲ್ಲೇ ಮುಂದೆ ಸಿಗುವ ಧರ್ಮಸ್ಥಳದಲ್ಲಿ 2025ರ ಜನವರಿ 7ರಂದು, ಭಕ್ತರು ಸರತಿಯಲ್ಲಿ ಕಾಯಲೆಂದೇ ಕಟ್ಟಿದ 'ಶ್ರೀ ಸಾನ್ನಿಧ್ಯ' ಸಂಕೀರ್ಣ ಉದ್ಘಾಟನೆಗೊಂಡಿತು. ಬಿಸಿಲು ಮಳೆಯೆನ್ನದೆ ಗಂಟೆಗಟ್ಟಲೆ ನಿಂತ ಅನುಭವವಿರುವ ನನ್ನಂಥವರಿಗೆ ಕಾಯುವವರಿಗಾಗಿಯೇ ಒಂದು ಕಟ್ಟಡ ಎಂಬುದು ಸಂತೋಷದ ಸುದ್ದಿ. ಉದ್ಘಾಟಿಸಿದ ಆಗಿನ ಉಪರಾಷ್ಟ್ರಪತಿ ಜಗದೀಪ್ ಧನಕರ್ ತಮ್ಮ ಭಾಷಣದಲ್ಲಿ, ಗಣ್ಯರಿಗೆ ಆದ್ಯತೆ ಕೊಡುವುದು ಸಮಾನತೆಯ ಕಲ್ಪನೆಗೆ ವಿರುದ್ಧ, ಧಾರ್ಮಿಕ ಸ್ಥಳಗಳಲ್ಲಂತೂ ಅದು ಇರಲೇಬಾರದು ಎಂಬರ್ಥದಲ್ಲಿ ಮಾತನಾಡಿದರು. ಗಣ್ಯರಲ್ಲಿ ಗಣ್ಯರೊಬ್ಬರು ಈ ಮಾತು ಹೇಳಿದ್ದರಲ್ಲಿ ವಿನೋದವಿರಬಹುದು, ಮಾತು ಸುಳ್ಳಲ್ಲ. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ದೇವಾಲಯಗಳ ವಿಐಪಿ ದರ್ಶನದ ವಿರುದ್ಧದ ಅರ್ಜಿಯೊಂದನ್ನು ವಿಚಾರಿಸಿ, ಇಂಥ ವಿಶೇಷ ಉಪಚಾರ ಇರಬಾರದೆಂಬ ಅಭಿಪ್ರಾಯ ತನಗಿದ್ದರೂ ಅದನ್ನು ತೀರ್ಮಾನಿಸಬೇಕಾದವರು ಸಮಾಜ ಮತ್ತು ದೇವಾಲಯಗಳ ಆಡಳಿತದವರು ಎಂದು ಹೇಳಿ ಅರ್ಜಿಯನ್ನು ವಜಾ ಮಾಡಿತು. ಅಂದರೆ ಚೆಂಡು ನಮ್ಮ ಅಂಗಳಕ್ಕೇ ಮರಳಿ ಬಂತು.

ಕಚೇರಿಗಳ ವಿಷಯದಲ್ಲಿ ದೇವರನ್ನು ಕಾಯಬೇಕಾಗಿಲ್ಲ. ಕರ್ನಾಟಕವೇ ಒಮ್ಮೆ ದಾರಿ ತೋರಿಸಿದೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದಾಗ, ಪಹಣಿಯ ಪ್ರತಿ 15 ರೂಪಾಯಿಗೆ ಸಿಕ್ಕಿದ್ದನ್ನು ಎಲ್ಲರೂ ಹೊಗಳಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೊಂದು ಏರ್ಪಾಟು: ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಿದ್ದರು. ಹಿಂದಿನ ಅರ್ಜಿಯನ್ನು ಬದಿಗಿಟ್ಟು ಬೇಕಾದವರ ಅರ್ಜಿಯನ್ನು ಮೇಲಕ್ಕೆ ತರುವ ಹಳೆಯ ಕೈಚಳಕಕ್ಕೆ ಅದು ಅಡ್ಡ ನಿಂತಿತು. ಆಮೇಲೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಯೋಜನೆ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಒಂದು ಗಡುವು ಕೊಟ್ಟಿತು; ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕನ್ನೂ ಕೊಟ್ಟಿತು. ಆ ಪರಿಹಾರ ಕೇಳಿದವರನ್ನು ನನ್ನ ಪರಿಚಯದಲ್ಲಿ ನಾನು ಕಂಡಿಲ್ಲ. ಗಡುವು ಸಂಖ್ಯೆ ಸಿಕ್ಕ ಮೇಲಿನ ಮಾತು. ಸಂಖ್ಯೆ ಸಿಗುವ ಕಿಟಕಿಯವರೆಗೆ ತಲುಪುವ ಸಾಲು ಕಂಪ್ಯೂಟರಿನ ಹೊರಗೆ, ವರಾಂಡದಲ್ಲಿ ಇದೆ.

ಆ ವರಾಂಡಕ್ಕೆ ಬೇಕಾದದ್ದು ಬಲು ಸಣ್ಣದು. ಬಂದ ಕೂಡಲೇ ಒಂದು ಟೋಕನ್. ಈಗ ಯಾವ ಸಂಖ್ಯೆ ನಡೆಯುತ್ತಿದೆ ಎಂಬುದು ಹೊರಗೂ ಕಾಣುವಂಥ ಫಲಕ. ಕುಳಿತುಕೊಳ್ಳಲು ಬೆಂಚು. ಸರ್ವರ್ ನಿಂತರೆ ಅಂದಿನ ಟೋಕನ್ನಿನವರು ಮರುದಿನ ಅದೇ ಕ್ರಮದಲ್ಲಿ ಮೊದಲಿಗರಾಗಬೇಕು. ಬ್ಯಾಂಕುಗಳು, ಆಸ್ಪತ್ರೆಗಳು ಎಷ್ಟೋ ಕಡೆ ಮಾಡಿರುವ ಕೆಲಸವೇ ಇದು. ಸೀಮೆಎಣ್ಣೆ ಡಬ್ಬಿಯ ಕಾಲದಲ್ಲಿ ಒಂದು ಕಲ್ಲು ಮಾಡುತ್ತಿದ್ದ ಕೆಲಸವೂ ಹೌದು. ನಾಳೆ ಆ ಹೆಂಗಸು ಟೋಕನ್ ಹಿಡಿದು ಬಂದರೆ ನನ್ನ ಹಳೆಯ ವಿದ್ಯಾರ್ಥಿಗೂ ಅನುಕೂಲ. ಮಾಷ್ಟ್ರೆಗೆ ಇಲ್ಲ ಎನ್ನುವ ಮುಜುಗರ ಅವರದಾಗಿರದೆ ಫಲಕದ್ದಾಗಿರುತ್ತದೆ.

ಅದಾದ ಮೇಲೆ ಇನ್ನೊಂದು ಕಡೆ ಇಂಥದೇ ಕರೆ ಬಂದಾಗ, ನಾನು ಇಲ್ಲೇ ನಿಲ್ಲುತ್ತೇನೆ ಎಂದು ಹಟ ಹಿಡಿದೆ. ಕರೆದವರು ಬೇಸರಪಟ್ಟುಕೊಂಡರು. ನನ್ನ ಹಿಂದೆ ನಿಂತಿದ್ದವರೊಬ್ಬರು, "ಹೋಗಿ ಸರ್, ನೀವು ಹೋದರೆ ಇಲ್ಲಿ ಒಬ್ಬರು ಕಡಿಮೆಯಾಗುತ್ತಾರೆ" ಎಂದರು. ಲೆಕ್ಕ ತಪ್ಪೆಂದು ವಿವರಿಸಲು ಹೋಗಿ ಎಲ್ಲರ ನಗೆಗೆ ಈಡಾದೆ.

ಆ ಬೀಡಿ ಕಟ್ಟುವ ಹೆಂಗಸಿಗೆ ಪ್ರಮಾಣಪತ್ರ ಸಿಕ್ಕಿತೋ, ಮಗಳ ಅರ್ಜಿ ಗಡುವಿನೊಳಗೆ ಮುಟ್ಟಿತೋ ನನಗೆ ತಿಳಿಯದು. ಹೆಸರನ್ನೂ ಕೇಳಿರಲಿಲ್ಲ. ನಾನು ಪಡೆದ ಪ್ರಮಾಣಪತ್ರ ಮಾತ್ರ ಕೆಲಸ ಮಾಡಿತು, ವಿದ್ಯಾರ್ಥಿವೇತನ ಮಂಜೂರಾಯಿತು. ಅದು ಬಂದದ್ದು ಬಿ.ಸಿ.ರೋಡಿನಲ್ಲಿ ನನ್ನ ಪಕ್ಕ ನಿಂತು ಆ ನುಡಿಗಟ್ಟಿನ ಅರ್ಥ ಕೇಳಿದ ಮೊಮ್ಮಗಳಿಗೇ. ಸರತಿ ತಪ್ಪಿಸುವುದು ಎಂದು ಬರೆ ಎಂದು ಬಸ್ಸಿನಲ್ಲಿ ಅವಳಿಗೆ ಹೇಳಿದೆ, ಉಳಿದದ್ದನ್ನು ಹೇಳಲಿಲ್ಲ. ಈ ಪತ್ರಿಕೆ ಅವಳ ಹಾಸ್ಟೆಲಿಗೂ ಬರುತ್ತದೆ.